ಕಾದಂಬರಿ ಮುಗೀತು, ಈಗ ಸ್ವಲ್ಪ ದಿನ ಮುಟ್ಟಬೇಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಕಾದಂಬರಿಯ ಮೊದಲ ಕರಡು ಬರೆದು ಮುಗಿಸಿದ್ದಾಯ್ತು, ಮುಂದೇನು? ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕಷ್ಟೇ ಉತ್ತರಿಸಿದ್ದೇನೆ. ಹೆಸರು ಬೇಡ ಎಂದು ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಮೇಡಂ, ನಮಸ್ಕಾರ. ನಾನು ಹೈಸ್ಕೂಲ್ ಟೀಚರ್. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲಿನಲ್ಲೇ ಟೈಪ್ ಮಾಡಿ ಒಂದು ಕಾದಂಬರಿ ಮುಗಿಸಿದ್ದೇನೆ, ಎರಡು ವರ್ಷ ಹಿಡಿಯಿತು. ನಮ್ಮ ಕಡೆಯ ಅಡಿಕೆ ತೋಟದ ಒಂದು ಮನೆಯ ಕಥೆ. ಪರಿಚಯದ ಪ್ರಕಾಶಕರು ರಾಜ್ಯೋತ್ಸವದ ಹೊತ್ತಿಗೆ ಪುಸ್ತಕ ತರೋಣ, ಬೇಗ ಕಳಿಸಿ ಅಂತಿದ್ದಾರೆ. ಬರೆಯುವ ಗೆಳತಿಯೊಬ್ಬಳು ಮಾತ್ರ ಎರಡು ತಿಂಗಳು ಅದರ ಕಡೆ ತಿರುಗಿಯೂ ನೋಡಬೇಡ ಅಂತಾಳೆ. ನನಗೆ ಸುಮ್ನೆ ಇರೋಕಾಗ್ತಿಲ್ಲ. ದಿನಾ ಫೈಲ್ ತೆಗೆದು ಎರಡು ಪದ ಬದಲಾಯಿಸಿ ಮುಚ್ಚುತ್ತೇನೆ. ಕಾಯೋದು ನಿಜಕ್ಕೂ ಬೇಕಾ? ಬೇಕಿದ್ದರೆ ಎಷ್ಟು ದಿನ?
— ಶಿರಸಿ

ಮೊದಲಿಗೆ, ಮುಗಿಸಿದ್ದಕ್ಕೆ ಅಭಿನಂದನೆ. ಕಾದಂಬರಿ ಶುರು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ದಿನವಿಡೀ ಪಾಠ ಮಾಡಿ ಬಂದು, ರಾತ್ರಿ ಕಣ್ಣು ಎಳೆಯುತ್ತಿರುವಾಗ ಫೋನ್ ಹಿಡಿದು ಕೂತು, ಕೊನೆಯ ಪುಟದವರೆಗೂ ಹೋದದ್ದು ಸಣ್ಣ ಕೆಲಸ ಅಲ್ಲ. ಒಂದು ವಾರ ಆ ಖುಷಿಯಲ್ಲೇ ಇರಿ.

ನಿಮ್ಮ ಗೆಳತಿ ಹೇಳಿದ್ದು ಸರಿ. ಕಾಯಬೇಕು. ಯಾಕೆ ಅನ್ನೋದನ್ನು ಒಂದು ವಾಕ್ಯ ಇಟ್ಟುಕೊಂಡೇ ನೋಡೋಣ. ‘ಅವಳು ಅವಳ ಕೈಯಿಂದ ಕಾಗದ ಕಿತ್ತುಕೊಂಡು ಒಲೆಗೆ ಹಾಕಿದಳು. ಅವಳಿಗೆ ಅಳು ಬಂತು.’ ಇದನ್ನು ಬರೆದವರಿಗೆ ಇಲ್ಲಿ ಯಾವ ಗೊಂದಲವೂ ಕಾಣುವುದಿಲ್ಲ. ಕಿತ್ತುಕೊಂಡದ್ದು ಅತ್ತೆ, ಅತ್ತದ್ದು ಸೊಸೆ, ಒಲೆ ಯಾವ ಮೂಲೆಯಲ್ಲಿದೆ, ಕಾಗದ ಯಾರಿಂದ ಬಂದದ್ದು, ಎಲ್ಲ ಅವರ ತಲೆಯಲ್ಲಿ ಸ್ಪಷ್ಟವಾಗಿದೆ. ಓದುವವರ ಎದುರು ಮಾತ್ರ ಇರುವುದು ಮೂರು ‘ಅವಳು’. ಅತ್ತದ್ದು ಅತ್ತೆಯೇ ಇರಬಹುದು ಅಂತ ಅವರು ಅಂದುಕೊಂಡರೆ ಇಡೀ ಅಧ್ಯಾಯದ ಅರ್ಥವೇ ಬೇರೆ ಆಗುತ್ತದೆ. ನಿನ್ನೆ ಬರೆದದ್ದನ್ನು ಇವತ್ತು ಓದಿದರೆ ನಾವು ಪುಟವನ್ನು ಓದುವುದೇ ಇಲ್ಲ, ತಲೆಯಲ್ಲಿರುವುದನ್ನು ಓದುತ್ತೇವೆ. ಬಿಟ್ಟುಹೋದ ಪದವನ್ನು ನಾವೇ ತುಂಬಿಕೊಳ್ಳುತ್ತೇವೆ, ತಪ್ಪಿದ ಒತ್ತಕ್ಷರವನ್ನು ನಾವೇ ಸರಿ ಮಾಡಿಕೊಂಡು ಮುಂದೆ ಹೋಗುತ್ತೇವೆ. ತಲೆಯಲ್ಲಿರುವ ಚಿತ್ರ ಸ್ವಲ್ಪ ಮಾಸಬೇಕು. ಆಗಲೇ ಪುಟದಲ್ಲಿ ಏನಿದೆ, ಏನಿಲ್ಲ ಅನ್ನೋದು ಕಾಣೋದು.

ಬರೀ ವಾಕ್ಯದ ಮಾತಲ್ಲ. ನಿಮ್ಮದು ತೋಟದ ಕಥೆ ಅಂದಿರಿ. ನಾಲ್ಕನೇ ಅಧ್ಯಾಯದಲ್ಲಿ ಆರಿದ್ರಾ ಮಳೆ ಹಿಡಿದು, ಅದಕ್ಕೂ ಮೊದಲು ಬರಬೇಕಾದ ಮೃಗಶಿರಾ ಐದನೆಯದರಲ್ಲಿ ಬಂದುಬಿಟ್ಟಿರಬಹುದು. ಅಡಿಕೆ ಮರ ಹತ್ತುವ ಕೊನೆಗೌಡ ಮಳೆಗಾಲದ ಮದ್ದು ಹೊಡೆದ ಮರುದಿನವೇ ಅಂಗಳದಲ್ಲಿ ಕೊಯ್ದ ಅಡಿಕೆ ಒಣಗುತ್ತಿರಬಹುದು. ಮೊದಲ ಭಾಗದಲ್ಲಿ ‘ಆಯಿ’ ಎಂದು ಕರೆದ ಮಗ ನಡುವೆ ಎಲ್ಲೋ ‘ಅಮ್ಮ’ ಅಂದಿರಬಹುದು. ಎರಡು ವರ್ಷ ಬಿಟ್ಟು ಬಿಟ್ಟು ಬರೆದಾಗ ಇದೆಲ್ಲ ಆಗೇ ಆಗುತ್ತದೆ. ಬಿಸಿ ಇರುವಾಗ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಎಷ್ಟು ದಿನ? ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನ ಕವಿ ಹೊರೇಸ್, ಬರೆದದ್ದನ್ನು ಒಂಬತ್ತನೇ ವರ್ಷದವರೆಗೆ ಒಳಗಿಡಿ ಎಂದಿದ್ದ. ಹೊರಗೆ ಬಿಡದೆ ಇರುವುದನ್ನು ಅಳಿಸಬಹುದು, ಹೊರಗೆ ಹೋದ ಮಾತು ವಾಪಸ್ ಬರುವುದಿಲ್ಲ ಅನ್ನುವುದು ಅವನು ಕೊಟ್ಟ ಕಾರಣ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮಲ್ಲೂ ಹೇಳ್ತೀವಲ್ಲ. ಅಮೆರಿಕದ ಸ್ಟೀಫನ್ ಕಿಂಗ್ ಬರವಣಿಗೆಯ ಬಗ್ಗೆ 2000ದಲ್ಲಿ ತಂದ ಪುಸ್ತಕದಲ್ಲಿ ಕನಿಷ್ಠ ಆರು ವಾರ ಡ್ರಾಯರ್‌ನಲ್ಲಿಡಿ ಅನ್ನುತ್ತಾರೆ. ಇಂಗ್ಲೆಂಡಿನ ಝೇಡಿ ಸ್ಮಿತ್, ವರ್ಷ ಆದರೆ ಒಳ್ಳೆಯದು, ಮೂರು ತಿಂಗಳಾದರೂ ನಡೆದೀತು ಅನ್ನುತ್ತಾರೆ. ಒಂಬತ್ತು ವರ್ಷ ನಮ್ಮಿಂದಾಗದ ಮಾತು. ಆದರೆ ಆರು ವಾರಕ್ಕಿಂತ ಕಡಿಮೆ ಬೇಡ. ನಿಮ್ಮಷ್ಟು ಕಾಲ ಒಂದೇ ಕಥೆಯ ಜೊತೆ ಇದ್ದವರಿಗೆ ಎರಡು ತಿಂಗಳೇ ಸರಿ ಅನ್ನೋದು ನನ್ನ ಅಭಿಪ್ರಾಯ. ತಾರೀಕು ಗೊತ್ತು ಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಾರೀಕಿಲ್ಲದೆ ಕಾಯಲು ಹೋದರೆ ಆ ಕಾಯುವಿಕೆ ನಿಧಾನಕ್ಕೆ ಕೈಬಿಟ್ಟ ಹಾಗೇ ಆಗಿಬಿಡುತ್ತದೆ.

ದಿನಾ ಫೈಲ್ ತೆಗೆದು ಎರಡು ಪದ ಬದಲಾಯಿಸುವುದನ್ನು ಇವತ್ತೇ ನಿಲ್ಲಿಸಿ. ಅದರಿಂದ ಕಾದಂಬರಿ ಕೆಡುತ್ತದೆ ಅಂತಲ್ಲ, ಪ್ರತಿ ಸಲ ತೆಗೆದಾಗಲೂ ಎಲ್ಲ ಮತ್ತೆ ಹಸಿಯಾಗಿ ನೆನಪಿಗೆ ಬರುತ್ತದೆ, ಕಾದ ದಿನಗಳೆಲ್ಲ ಲೆಕ್ಕಕ್ಕೆ ಬಾರದೆ ಹೋಗುತ್ತವೆ. ಕೈ ತಡೆಯದಿದ್ದರೆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ತಂಗಿಯ ಮನೆಯಲ್ಲೋ ಗೆಳತಿಯ ಬೀರುವಿನಲ್ಲೋ ಇಡಿ, ಇನ್ನೊಂದು ಪ್ರತಿಯನ್ನು ನಿಮಗೇ ಇಮೇಲ್ ಮಾಡಿಕೊಂಡು, ಫೋನಿನಿಂದ ತೆಗೆದುಬಿಡಿ.

ಇನ್ನು ಪ್ರಕಾಶಕರ ಅವಸರ. ರಾಜ್ಯೋತ್ಸವ, ಸಾಹಿತ್ಯ ಸಮ್ಮೇಳನ, ಪುಸ್ತಕ ಮೇಳ, ಹೀಗೆ ಯಾವುದಾದರೊಂದಕ್ಕೆ ಪುಸ್ತಕ ಬಂದುಬಿಡಬೇಕು ಅನ್ನುವ ಓಟ ನಮ್ಮಲ್ಲಿ ಜಾಸ್ತಿ. ಅವರ ಕಷ್ಟ ಅವರಿಗೆ, ಮಾರಾಟ ಆಗುವುದೇ ಅಂಥ ದಿನಗಳಲ್ಲಿ. ಆದರೆ ಒಂದು ವಿಷಯ ನೀವು ತಿಳಿದಿರಬೇಕು. ಕನ್ನಡದ ಹೆಚ್ಚಿನ ಪ್ರಕಾಶನಗಳಲ್ಲಿ ಕಾಗುಣಿತ ನೋಡುವವರು ಇರುತ್ತಾರೆ, ಆದರೆ ಹಸ್ತಪ್ರತಿ ಎದುರಿಗಿಟ್ಟುಕೊಂಡು ‘ಈ ಪಾತ್ರ ಇಲ್ಲಿ ಯಾಕೆ ಸುಮ್ಮನಾಯಿತು, ಈ ಅಧ್ಯಾಯ ಬೇಕಾ’ ಎಂದು ಲೇಖಕರ ಜೊತೆ ಕೂತು ಮಾತಾಡುವ ಸಂಪಾದಕರು ಸಿಗುವುದು ಅಪರೂಪ. ಒಳ್ಳೆಯ ಕಾದಂಬರಿಗಳು ಅರ್ಧ ಬೆಂದ ಹಾಗೆ ಹೊರಬರುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಹೊಸಬರ ಪುಸ್ತಕ ಎರಡನೇ ಮುದ್ರಣ ಕಾಣುವುದೂ ಕಷ್ಟ, ಅಂದರೆ ತಪ್ಪು ಉಳಿದರೆ ಉಳಿದ ಹಾಗೇ. ಸಂಪಾದಕರು ಇಲ್ಲದ ಕಡೆ ಆ ಕೆಲಸ ಮಾಡಬೇಕಾದವರು ನೀವೇ, ಎರಡು ತಿಂಗಳು ಬಿಟ್ಟು ಬಂದ ನೀವು. ಆದ್ದರಿಂದ ಪ್ರಕಾಶಕರಿಗೆ ಫೋನ್ ಮಾಡಿ, ‘ಸರ್, ಕೈಯಲ್ಲಿ ಇರುವುದು ಮೊದಲ ಕರಡು, ತಿದ್ದಿದ ಪ್ರತಿಯನ್ನು ಇಂಥ ತಿಂಗಳು ಕೊಡ್ತೀನಿ’ ಅಂತ ನೇರವಾಗಿ ಹೇಳಿ. ಪುಸ್ತಕ ಬೇಕು ಅನ್ನುವವರು ಖಂಡಿತ ಕಾಯುತ್ತಾರೆ.

ಕಾದಂಬರಿ ಮುಗಿಸಿ ಮೂರು ವಾರ ಆಯ್ತು. ತುಂಗಭದ್ರಾ ಅಣೆಕಟ್ಟಿಗೆ ಊರು ಕಳೆದುಕೊಂಡ ಒಂದು ಕುಟುಂಬದ ಕಥೆ. ತೆಗೆಯಬಾರದು ಅಂತ ಇಟ್ಟಿದ್ದೇನೆ. ಆದರೆ ಸಂಜೆ ಆಫೀಸಿಂದ ಬಂದರೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ಮನೆಯಲ್ಲಿ ಯಾರೋ ಊರಿಗೆ ಹೋದ ಹಾಗೆ ಅನ್ನಿಸುತ್ತದೆ. ಈ ದಿನಗಳನ್ನು ಹೇಗೆ ಕಳೆಯೋದು?
— ಬಳ್ಳಾರಿ

ನಿಮಗೆ ಆಗುತ್ತಿರುವುದು ಸಹಜ. ಆ ಮನೆಯವರ ಜೊತೆ ಅಷ್ಟು ದಿನ ಕೂತು ಎದ್ದಿದ್ದೀರಿ, ಈಗ ಅವರಿಲ್ಲ. ಇದನ್ನು ಸೋಮಾರಿತನ ಅಂತಲೋ, ಬರೆಯುವ ಶಕ್ತಿ ಹೋಯ್ತು ಅಂತಲೋ ತಿಳಿಯಬೇಡಿ.

ಕಥೆಯನ್ನು ಮುಟ್ಟದೆ ಕಥೆಗೆ ಬೇಕಾದ ಕೆಲಸ ಮಾಡಬಹುದು. ನಿಮ್ಮ ವಿಷಯಕ್ಕಂತೂ ಅದು ಬೇಕಾದಷ್ಟಿದೆ. ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ, ನೀರು ನಿಂತದ್ದು 1953ರಲ್ಲಿ. ಆ ಎಂಟು ವರ್ಷದಲ್ಲಿ ನಿಮ್ಮ ಕಡೆ ಏನೇನು ಬದಲಾಯ್ತು ನೋಡಿ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದೇ 1953ರ ಅಕ್ಟೋಬರ್ 1ರಂದು, ಅಲ್ಲಿಯವರೆಗೆ ಮದ್ರಾಸಿನ ಆಡಳಿತ. ಹೊಳೆಯ ಆಚೆ ದಂಡೆ ನಿಜಾಮರ ಹೈದರಾಬಾದ್, ಅಲ್ಲಿ ಚಲಾವಣೆಯಲ್ಲಿದ್ದ ರೂಪಾಯಿಯೇ ಬೇರೆ. ನಿಮ್ಮ ಕಥೆಯ ಅಜ್ಜ 1947ರಲ್ಲಿ ಪರಿಹಾರದ ಅರ್ಜಿ ಹಿಡಿದು ಯಾವ ಕಚೇರಿಗೆ ಹೋದ? ಅಲ್ಲಿನ ಗುಮಾಸ್ತ ಯಾವ ಭಾಷೆಯಲ್ಲಿ ಮಾತಾಡಿದ? ಆಚೆ ದಂಡೆಗೆ ಕೊಟ್ಟ ಮಗಳ ಮನೆಗೆ ಹೋಗುವಾಗ ಅಜ್ಜಿ ಸೆರಗಿನಲ್ಲಿ ಯಾವ ದುಡ್ಡು ಕಟ್ಟಿಕೊಂಡಳು? ಇಂಥವನ್ನು ನೆನಪಿಟ್ಟುಕೊಂಡ ಹಿರಿಯರು ಈಗ ಎಂಬತ್ತು, ತೊಂಬತ್ತು ದಾಟಿದವರು, ಅವರ ಹತ್ತಿರ ಕೂರೋಕೆ ಇದಕ್ಕಿಂತ ಒಳ್ಳೆ ಸಮಯ ಬೇರೆ ಇಲ್ಲ. ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾದಂಬರಿಯ ಬಗ್ಗೆ ಹೊಳೆದದ್ದನ್ನೂ ಅಲ್ಲೇ ಬರೆಯಿರಿ. ಫೈಲ್ ಮಾತ್ರ ತೆಗೆಯಬೇಡಿ.

ಸಂಜೆಗಳಿಗೆ ಬೇರೆ ಏನಾದರೂ ಸಣ್ಣದು ಬರೆಯಿರಿ. ಒಂದು ಪ್ರಬಂಧ, ಒಂದು ಸಣ್ಣ ಕಥೆ, ಮಕ್ಕಳಿಗೆ ಏನಾದರೂ. ನಿಮ್ಮ ಕಾದಂಬರಿಯ ಧಾಟಿಗೆ ದೂರ ಇದ್ದಷ್ಟೂ ಒಳ್ಳೆಯದು. ಮನೆಯವರನ್ನೂ ಸ್ವಲ್ಪ ಮಾತಾಡಿಸಿ, ಅವರೂ ಇಷ್ಟು ದಿನ ಕಾದಿದ್ದಾರೆ.

ಈ ಕಾಯುವ ಸಮಯದಲ್ಲಿ ಗೆಳೆಯರಿಗೆ ಓದಲು ಕೊಡಬಹುದಾ? ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಳ್ಳೆ ಓದುಗರಿದ್ದಾರೆ.
— ತುಮಕೂರು

ಈಗ ಬೇಡ. ನೀವೇ ಒಂದು ಸಲ ಪೂರ್ತಿ ಓದುವ ಮೊದಲು ಬೇರೆಯವರ ಮಾತು ಕಿವಿಗೆ ಬಿದ್ದರೆ, ಆಮೇಲೆ ನೀವು ಓದುವುದೆಲ್ಲ ಆ ಮಾತಿನ ಮೂಲಕವೇ. ‘ಅದ್ಭುತ’ ಅಂದರೆ ಕೆಟ್ಟ ಅಧ್ಯಾಯವೂ ಚೆನ್ನಾಗಿ ಕಾಣುತ್ತದೆ. ‘ಯಾಕೋ ಎಳೆದ ಹಾಗಿದೆ’ ಅಂದರೆ ಚೆನ್ನಾಗಿರುವುದನ್ನೂ ಕತ್ತರಿಸಿಬಿಡುತ್ತೀರಿ. ನೀವು ಓದಿ, ತಿದ್ದಿ, ಎರಡನೇ ಕರಡು ಆದ ಮೇಲೆ ಇಬ್ಬರಿಗೆ ಕೊಡಿ, ಸಾಕು. ಒಬ್ಬರು ನಿಮ್ಮ ಕಥೆಯ ಜಗತ್ತನ್ನು ಬಲ್ಲವರು, ಇನ್ನೊಬ್ಬರು ಅದರ ಗಂಧವೇ ಇಲ್ಲದವರು. ಕೊಡುವಾಗ ‘ಹೇಗಿದೆ ಹೇಳಿ’ ಅನ್ನಬೇಡಿ, ಹಾಗೆ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಉತ್ತರ ಬರುತ್ತದೆ. ಓದುತ್ತಾ ಎಲ್ಲಿ ಪುಸ್ತಕ ಕೆಳಗಿಟ್ಟಿರಿ, ಯಾವ ಪಾತ್ರದ ಹೆಸರು ಮರೆತುಹೋಯ್ತು, ಎಲ್ಲಿ ಹಿಂದಿನ ಪುಟಕ್ಕೆ ಹೋಗಿ ನೋಡಬೇಕಾಯ್ತು ಅಂತ ಕೇಳಿ. ಮತ್ತೆ, ಪಿಡಿಎಫ್ ಮಾಡಿ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ. ಅದು ಎಲ್ಲಿಂದೆಲ್ಲಿಗೆ ಹೋಗುತ್ತದೋ ಹೇಳೋಕಾಗಲ್ಲ.

ಅನಕೃ ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರೆದವರು ವಾರ ವಾರ ಅಧ್ಯಾಯ ಕೊಟ್ಟರು. ಅವರೆಲ್ಲ ಹೀಗೆ ಕಾಯುತ್ತಾ ಕೂತಿದ್ರಾ? ಇದೆಲ್ಲ ಈಚಿನ ಫ್ಯಾಷನ್ ಅಲ್ವಾ?
— ಮೈಸೂರು

ಒಳ್ಳೆಯ ಪ್ರಶ್ನೆ, ಖಂಡಿತ ಕೇಳಬೇಕಾದದ್ದು. ಅನಕೃ ಅವರಂಥವರು ಬರೆದೇ ಬದುಕಬೇಕಿತ್ತು. ಕನ್ನಡದಲ್ಲಿ ಕಾದಂಬರಿ ಓದುವ ಅಭ್ಯಾಸವನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಅವರು ದೊಡ್ಡವರು. ಆ ವೇಗವನ್ನು ನಾನು ಹಗುರವಾಗಿ ನೋಡುವುದಿಲ್ಲ. ಹತ್ತು ಕಾದಂಬರಿ ಬರೆದವರ ಕೈಗೆ ಒಂದು ಹದ ಬಂದಿರುತ್ತದೆ, ಬರೆಯುವಾಗಲೇ ಅರ್ಧ ತಿದ್ದಿರುತ್ತಾರೆ. ಧಾರಾವಾಹಿ ಬರೆಯುವವರಿಗೆ ಇನ್ನೊಂದು ಅನುಕೂಲ ಇತ್ತು, ವಾರ ವಾರ ಓದುಗರ ಪತ್ರ ಬರುತ್ತಿತ್ತು. ಮುಗಿದ ಮೇಲೆ ಪುಸ್ತಕ ಆಗುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಕೇಳದೇ ಸಿಕ್ಕ ಬಿಡುವು ಅದು, ಬೇಕಾದವರು ಬಳಸಿಕೊಳ್ಳಬಹುದಿತ್ತು.

ಇನ್ನೊಂದು ತುದಿಯಲ್ಲಿ ಕುವೆಂಪು ಇದ್ದಾರೆ. ಅವರ ಕಾದಂಬರಿಗಳು ಎರಡೇ. ಒಂದು 1936ರಲ್ಲಿ ಬಂತು, ಇನ್ನೊಂದು 1967ರಲ್ಲಿ. ಎರಡೂ ದಾರಿಯಲ್ಲಿ ದೊಡ್ಡ ಬರಹ ಬಂದಿದೆ ಅನ್ನೋದು ನಿಜ. ಆದರೆ ಮೊದಲ ಕಾದಂಬರಿ ಬರೆದವರಿಗೆ ಆ ಪಳಗಿದ ಕೈಯೂ ಇಲ್ಲ, ವಾರ ವಾರ ಪತ್ರ ಬರೆಯುವ ಓದುಗರೂ ಇಲ್ಲ. ಅವರಿಗೆ ಆರು ವಾರ ಕಾಯಿರಿ ಅನ್ನೋದು ಫ್ಯಾಷನ್ ಹೇಗಾಗುತ್ತೆ?

ಒಂದು ಕಾದಂಬರಿ ಸ್ಪರ್ಧೆಗೆ ಕಳಿಸಬೇಕು, ಕಡೇ ದಿನಕ್ಕೆ ಇನ್ನು ಇಪ್ಪತ್ತೇ ದಿನ. ಕರಡು ನಿನ್ನೆ ಮುಗೀತು. ಏನು ಮಾಡಲಿ?
— ಬೆಂಗಳೂರು

ಒಂದು ವಾರ ಪೂರ್ತಿ ಬಿಡಿ. ಆ ಏಳು ದಿನ ಕಳೆದುಹೋಯ್ತು ಅಂತ ಹೊಟ್ಟೆ ಉರಿಸಿಕೊಳ್ಳಬೇಡಿ, ಉಳಿದ ಹದಿಮೂರು ದಿನ ಕೆಲಸಕ್ಕೆ ಬರುವುದು ಅದರಿಂದಲೇ. ಆಮೇಲೆ ಬರಹದ ರೂಪ ಬದಲಾಯಿಸಿ. ಕಂಪ್ಯೂಟರಿನಲ್ಲಿ ಬರೆದಿದ್ದರೆ ಬೇರೆ ಫಾಂಟ್ ಹಾಕಿ, ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಟ್ಟು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ. ದಿನಾ ಬರೆಯುತ್ತಿದ್ದ ಕುರ್ಚಿಯಲ್ಲಿ ಕೂತು ಓದಬೇಡಿ. ಸಂಭಾಷಣೆ ಇರುವ ಭಾಗಗಳನ್ನು ಗಟ್ಟಿಯಾಗಿ ಓದಿ. ಬಾಯಿಗೆ ಬಾರದ ಮಾತು ಪಾತ್ರದ ಬಾಯಲ್ಲೂ ನಿಲ್ಲುವುದಿಲ್ಲ. ಈಗಿನ ಫೋನುಗಳು ಕನ್ನಡವನ್ನು ಓದಿ ಹೇಳುತ್ತವೆ, ಅದನ್ನೂ ಬಳಸಿ. ಆ ಧ್ವನಿಗೆ ಭಾವ ಇಲ್ಲ, ಆದರೆ ಬಿಟ್ಟುಹೋದ ಪದವನ್ನು ಅದು ನಿಮ್ಮ ಹಾಗೆ ತುಂಬಿಕೊಂಡು ಓದುವುದಿಲ್ಲ. ನನಗೆ ಅದೇ ಅದರ ದೊಡ್ಡ ಉಪಕಾರ.

ಕೊನೆಯ ಮೂರು ಅಧ್ಯಾಯಗಳಿಗೆ ಜಾಸ್ತಿ ಸಮಯ ಕೊಡಿ. ಮುಗಿಸುವ ಆತುರದಲ್ಲಿ ಬರೆದದ್ದು ಅಲ್ಲೇ ಇರುತ್ತದೆ. ಹತ್ತು ಅಧ್ಯಾಯ ನಿಧಾನವಾಗಿ ನಡೆದ ಕಥೆಯಲ್ಲಿ ಕೊನೆಗೆ ಒಂದೇ ಪ್ಯಾರಾದಲ್ಲಿ ಮದುವೆ, ಸಾವು, ಆಸ್ತಿ ಪಾಲು ಎಲ್ಲ ಆಗಿಹೋಗಿರುವುದನ್ನು ಎಷ್ಟೋ ಹಸ್ತಪ್ರತಿಗಳಲ್ಲಿ ನೋಡಿದ್ದೇನೆ.

ಹದಿನೆಂಟನೇ ದಿನಕ್ಕೂ ಸಮಾಧಾನ ಆಗದಿದ್ದರೆ ಈ ಸ್ಪರ್ಧೆ ಬಿಡಿ. ಇನ್ನೊಂದು ಬರುತ್ತದೆ.

ಮೂರು ತಿಂಗಳು ಬಿಟ್ಟು ತೆಗೆದೆ. ಮೊದಲ ನಲವತ್ತು ಪುಟ ಓದುವಷ್ಟರಲ್ಲೇ ಬೆವರು ಬಂತು. ಇದನ್ನು ನಾನೇ ಬರೆದೆನಾ ಅನ್ನಿಸಿತು. ಅಳಿಸಿ ಹಾಕಿಬಿಡಬೇಕು ಅನ್ನಿಸ್ತಿದೆ. ಕಾಯದೇ ಇದ್ದಿದ್ದರೇ ಚೆನ್ನಾಗಿತ್ತೇನೋ.
— ಧಾರವಾಡ

ಅಳಿಸಬೇಡಿ. ದಯವಿಟ್ಟು. ಈ ಪತ್ರ ಓದಿದಾಗ ಮೊದಲು ಇದಕ್ಕೇ ಉತ್ತರ ಬರೆಯಬೇಕು ಅನ್ನಿಸಿತು.

ಬೆವರು ಬಂತು ಅಂದರೆ ಕಾದದ್ದು ಕೆಲಸ ಮಾಡಿದೆ ಅಂತಲೇ ಅರ್ಥ. ಮೂರು ತಿಂಗಳ ಹಿಂದೆ ಅವೇ ನಲವತ್ತು ಪುಟ ನಿಮಗೆ ಚೆನ್ನಾಗಿ ಕಂಡಿದ್ದವಲ್ಲ? ಪುಟ ಬದಲಾಗಿಲ್ಲ, ನೀವು ಬದಲಾಗಿದ್ದೀರಿ. ಮತ್ತೆ, ಮೊದಲ ನಲವತ್ತು ಪುಟ ನೋಡಿ ಕಾದಂಬರಿಯನ್ನು ಅಳೆಯಬೇಡಿ. ಮೊದಲ ಕರಡಿನಲ್ಲಿ ಶುರುವಿನ ಭಾಗವೇ ಹೆಚ್ಚಾಗಿ ದುರ್ಬಲ. ಆಗ ಲೇಖಕರಿಗೆ ಕಥೆ ಇನ್ನೂ ಗೊತ್ತಿರುವುದಿಲ್ಲ, ಹುಡುಕುತ್ತಿರುತ್ತಾರೆ. ಮನೆತನದ ಹಿನ್ನೆಲೆ, ಊರಿನ ವಿವರ, ಅಜ್ಜನ ಕಾಲದ ವ್ಯಾಜ್ಯ, ಎಲ್ಲ ಮೊದಲೇ ಹೇಳಿಬಿಡುತ್ತಾರೆ. ನಿಜವಾದ ಕಥೆ ಅರವತ್ತನೇ ಪುಟದಲ್ಲೋ ತೊಂಬತ್ತನೇ ಪುಟದಲ್ಲೋ ಶುರುವಾಗಿರಬಹುದು. ಅಲ್ಲಿಯವರೆಗೆ ನೀವು ಹೋಗಿಯೇ ಇಲ್ಲ.

ಅಮೆರಿಕದ ಹಾರ್ಪರ್ ಲೀ ಅವರ ಉದಾಹರಣೆ ಕೇಳಿ. 1957ರಲ್ಲಿ ಅವರು ಪ್ರಕಾಶಕರಿಗೆ ಒಂದು ಕಾದಂಬರಿ ಕೊಟ್ಟರು. ನ್ಯೂಯಾರ್ಕಿನಿಂದ ಊರಿಗೆ ಬರುವ ಇಪ್ಪತ್ತಾರರ ಯುವತಿಯ ಕಥೆ ಅದು, ನಡುನಡುವೆ ಅವಳ ಬಾಲ್ಯದ ನೆನಪುಗಳಿದ್ದವು. ಟೇ ಹೊಹೊಫ್ ಎಂಬ ಸಂಪಾದಕಿ ಓದಿ, ಜೀವ ಇರುವುದು ಆ ಬಾಲ್ಯದ ಭಾಗಗಳಲ್ಲಿ ಎಂದು ಕಂಡುಕೊಂಡರು. ಲೀ ಮತ್ತೆ ಮತ್ತೆ ಬರೆದರು. 1960ರಲ್ಲಿ ಹೊರಬಂದದ್ದು ‘ಟು ಕಿಲ್ ಎ ಮಾಕಿಂಗ್‌ಬರ್ಡ್’, ಪುಟ್ಟ ಹುಡುಗಿಯ ಕಣ್ಣಲ್ಲಿ ಕಂಡ ಕಥೆ. ಹಳೆಯ ಹಸ್ತಪ್ರತಿ 2015ರಲ್ಲಿ ಪ್ರತ್ಯೇಕ ಪುಸ್ತಕವಾಗಿ ಬಂತು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಬಹುದು. ಮೊದಲ ಕರಡನ್ನು ಅವರು ಹರಿದು ಹಾಕಿದ್ದರೆ ಎರಡನೆಯದು ಎಲ್ಲಿಂದ ಬರುತ್ತಿತ್ತು?

ಈಗ ಏನು ಮಾಡಬೇಕು ಹೇಳುತ್ತೇನೆ. ಫೈಲಿನ ಒಂದು ಪ್ರತಿಯನ್ನು ‘ಮೊದಲ ಕರಡು’ ಅಂತ ಹೆಸರಿಟ್ಟು ಎತ್ತಿಡಿ, ಅದನ್ನು ಯಾವತ್ತೂ ತಿದ್ದಬೇಡಿ. ಆಮೇಲೆ ಪ್ರಿಂಟ್ ಪ್ರತಿ ಹಿಡಿದು ಒಂದು ಶನಿವಾರ ಭಾನುವಾರ ಪೂರ್ತಿ ಇದಕ್ಕೇ ಇಟ್ಟುಕೊಳ್ಳಿ. ಕೈಯಲ್ಲಿ ಪೆನ್ಸಿಲ್ ಮಾತ್ರ ಇರಲಿ. ಈ ಓದಿನಲ್ಲಿ ತಿದ್ದುವ ಹಾಗಿಲ್ಲ. ಬೇಸರ ಬಂದ ಕಡೆ ಅಂಚಿನಲ್ಲಿ ಒಂದು ಗೆರೆ, ಅರ್ಥ ಆಗದ ಕಡೆ ಪ್ರಶ್ನೆ ಚಿಹ್ನೆ, ಓದುತ್ತಾ ನೀವು ಲೇಖಕರು ಅನ್ನೋದೇ ಮರೆತುಹೋದ ಕಡೆ ಒಂದು ಸುತ್ತು ಹಾಕಿ, ಅಷ್ಟೇ. ಕಾಗುಣಿತ ತಪ್ಪು ಕಂಡರೂ ಬಿಟ್ಟು ಮುಂದೆ ಹೋಗಿ. ಅದನ್ನು ತಿದ್ದಲು ನಿಂತರೆ ಕಥೆಯ ಓಟ ತಪ್ಪುತ್ತದೆ, ನಾಳೆ ತೆಗೆದುಹಾಕಬಹುದಾದ ಪುಟಕ್ಕೆ ಇವತ್ತು ಅರ್ಧ ಗಂಟೆ ಸುಮ್ನೆ ಹೋಗುತ್ತದೆ.

ಮುಗಿದ ಮೇಲೆ ಪ್ರತಿಯನ್ನು ಮುಚ್ಚಿಟ್ಟು, ನೋಡದೆ, ಇಡೀ ಕಥೆಯನ್ನು ಒಂದೇ ಪುಟದಲ್ಲಿ ಬರೆಯಿರಿ. ಆ ಪುಟಕ್ಕೆ ಬಾರದೆ ಉಳಿದ ಪಾತ್ರ ಯಾವುದು, ಘಟನೆ ಯಾವುದು ನೋಡಿ. ಅವು ಕಾದಂಬರಿಯಲ್ಲಿ ಇರಬೇಕಾ ಅಂತ ಯೋಚಿಸುವುದು ಆಮೇಲಿನ ಕೆಲಸ. ಸುತ್ತು ಹಾಕಿದ ಪುಟಗಳನ್ನು ಮಾತ್ರ ಇನ್ನೊಂದು ಸಲ ಓದಿ. ಎರಡನೇ ಕರಡು ಅಲ್ಲಿಂದ ಶುರುವಾಗಲಿ, ಮೊದಲ ಪುಟದಿಂದ ಅಲ್ಲ.

ಅಷ್ಟೆಲ್ಲ ಓದಿಯೂ ಒಂದು ಸುತ್ತನ್ನೂ ಹಾಕಲಾಗದಿದ್ದರೆ ನನಗೆ ಮತ್ತೆ ಬರೆಯಿರಿ, ಮಾತಾಡೋಣ.

ನಾನು ಕನ್ನಡ ಟೈಪ್ ಮಾಡುವ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಬರೆದದ್ದು. ಪ್ರಕಾಶಕರು ಎಲ್ಲ ಕಂಪ್ಯೂಟರು, ಫೋನುಗಳಲ್ಲೂ ತೆರೆಯುವ ಯೂನಿಕೋಡ್ ಅಕ್ಷರದಲ್ಲಿ ಕೇಳುತ್ತಿದ್ದಾರೆ. ಈಗಲೇ ಬದಲಾಯಿಸಲಾ, ತಿದ್ದಿದ ಮೇಲಾ?
— ಕೊಪ್ಪಳ

ತಿದ್ದುವ ಮೊದಲೇ ಬದಲಾಯಿಸಿ. ಪರಿವರ್ತನೆ ಮಾಡಿದಾಗ ಅರ್ಕಾವೊತ್ತು ಇರುವ ಪದಗಳು, ಕೆಲವು ಒತ್ತಕ್ಷರಗಳು, ಉದ್ಧರಣ ಚಿಹ್ನೆಗಳು ಅಲ್ಲಲ್ಲಿ ಕೆಡುತ್ತವೆ. ತಿದ್ದಿ ಮುಗಿಸಿ ಪರಿವರ್ತಿಸಿದರೆ ಇಡೀ ಪುಸ್ತಕವನ್ನು ಮತ್ತೊಮ್ಮೆ ಅಕ್ಷರ ಅಕ್ಷರ ನೋಡಬೇಕಾಗುತ್ತದೆ. ಕಾಯುವ ದಿನಗಳು ಶುರುವಾಗುವ ಮೊದಲು, ಒಂದೇ ಸಲ ಕೂತು, ಓದದೆ, ಪರಿವರ್ತಿಸಿ ಎತ್ತಿಡಿ. ಮೂಲ ‘ನುಡಿ’ ಫೈಲನ್ನೂ ಜೋಪಾನ ಮಾಡಿ. ಎಲ್ಲಾದರೂ ಪದ ಪೂರ್ತಿ ಕೆಟ್ಟಿದ್ದರೆ ನೋಡಿಕೊಳ್ಳಲು ಅದು ಬೇಕಾಗುತ್ತದೆ.